ಲೈಸೆನ್ಸ್ ಸಿಕ್ಕಿತು, ಕೆಲಸ ಸಿಗಲಿಲ್ಲ: ಬೆಸ್ಸಿ ಕೋಲ್‌ಮನ್ ಅವರ ಬದುಕು



ಒಂದು ವಿದ್ಯೆಯನ್ನು ಕಲಿತು ಪಾಸಾಗುವುದು ಬೇರೆ, ಆ ವಿದ್ಯೆಯಿಂದ ಅನ್ನ ಸಂಪಾದಿಸುವುದು ಬೇರೆ. ಈ ಮಾತು ನನಗೆ ಈ ವರ್ಷ ನಮ್ಮ ಮನೆಯಲ್ಲೇ ಅರ್ಥವಾಯಿತು. ನನ್ನ ಆಪಾ, ಅಂದರೆ ಅಕ್ಕ, ಬಿ.ಕಾಂ. ಮುಗಿಸಿ ಟ್ಯಾಲಿ ಕೋರ್ಸನ್ನೂ ಒಳ್ಳೆಯ ಅಂಕಗಳಿಂದ ಮುಗಿಸಿದರು. ತಾವು ಕಲಿತದ್ದನ್ನು ಬೇರೆಯವರಿಗೆ ಕಲಿಸಬೇಕು ಎಂಬುದು ಅವರ ಆಸೆ. ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡು ಊರಿನ ಕೆಲವು ಕೋಚಿಂಗ್ ಸೆಂಟರ್‌ಗಳಿಗೆ ಹೋಗಿ ಬಂದರು. ಎಲ್ಲ ಕಡೆಯೂ ಕೇಳಿದ್ದು ಒಂದೇ ಪ್ರಶ್ನೆ, ಕಲಿಸಿದ ಅನುಭವ ಎಷ್ಟು ವರ್ಷ ಇದೆ ಎಂದು. ಯಾರಾದರೂ ಮೊದಲು ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು? ಆ ಫೈಲು ಈಗ ನಮ್ಮ ಬೀರುವಿನ ಮೇಲೆ ಇದೆ.

ಅದೇ ದಿನಗಳಲ್ಲಿ ನಾನು ಬೆಸ್ಸಿ ಕೋಲ್‌ಮನ್ ಎಂಬ ವಿಮಾನ ಚಾಲಕಿಯ ಬಗ್ಗೆ ಓದಿದೆ. ಹೆಚ್ಚಿನ ಪುಸ್ತಕಗಳಲ್ಲಿ ಅವರ ಬಗ್ಗೆ ಒಂದೇ ಸಾಲು ಇರುತ್ತದೆ: ಪೈಲಟ್ ಲೈಸೆನ್ಸ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. ಆದರೆ ಆ ಲೈಸೆನ್ಸ್ ಸಿಕ್ಕಿದ ಮರುದಿನದಿಂದ ಏನಾಯಿತು ಎಂಬುದೇ ನಿಜವಾದ ಕಥೆ. ಅದನ್ನು ನಿಮಗೆ ಹೇಳಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಹತ್ತಿ ಹೊಲದ ಲೆಕ್ಕದ ಹುಡುಗಿ

ಬೆಸ್ಸಿ ಹುಟ್ಟಿದ್ದು 1892ರ ಜನವರಿ 26ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ಅಟ್ಲಾಂಟಾ ಎಂಬ ಸಣ್ಣ ಊರಿನಲ್ಲಿ. ತಂದೆ ಜಾರ್ಜ್, ತಾಯಿ ಸೂಸನ್. ಹದಿಮೂರು ಮಕ್ಕಳಲ್ಲಿ ಬೆಸ್ಸಿ ಹತ್ತನೆಯವಳು. ಅವಳಿಗೆ ಎರಡು ವರ್ಷವಾದಾಗ ಕುಟುಂಬ ವಾಕ್ಸಹ್ಯಾಚಿ ಎಂಬ ಊರಿಗೆ ಬಂತು. ಅದು ಹತ್ತಿ ಬೆಳೆಯುವ ಸೀಮೆ.

ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಹೋಗಿತ್ತು, ಆದರೆ ಜನರ ನಡುವಿನ ಗೋಡೆ ಹೋಗಿರಲಿಲ್ಲ. ಕಪ್ಪು ವರ್ಣದವರಿಗೆ ಬೇರೆ ಶಾಲೆ, ರೈಲಿನಲ್ಲಿ ಬೇರೆ ಡಬ್ಬಿ. ಮತ ಹಾಕುವ ಹಕ್ಕನ್ನು ಒಂದಲ್ಲ ಒಂದು ನೆಪ ಹೇಳಿ ಕಿತ್ತುಕೊಳ್ಳುತ್ತಿದ್ದರು. ಬೆಸ್ಸಿಯ ತಂದೆಯ ರಕ್ತದಲ್ಲಿ ಅಮೆರಿಕದ ಮೂಲನಿವಾಸಿಗಳ ಪಾಲೂ ಇತ್ತು. ಟೆಕ್ಸಾಸಿನಲ್ಲಿ ತಲೆ ಎತ್ತಿ ಬದುಕಲು ಸಾಧ್ಯವಿಲ್ಲ ಎಂದು ಬೇಸತ್ತ ಅವರು 1901ರಲ್ಲಿ ಒಕ್ಲಹೋಮಾ ಕಡೆಗೆ ಹೊರಟು ಹೋದರು. ತಾಯಿ ಸೂಸನ್ ಜೊತೆಗೆ ಹೋಗಲಿಲ್ಲ. ಬೇರೆಯವರ ಮನೆಯಲ್ಲಿ ಅಡುಗೆ ಮತ್ತು ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಅಮ್ಮ ಕೆಲಸಕ್ಕೆ ಹೋದಾಗ ಚಿಕ್ಕ ತಂಗಿಯರನ್ನು ನೋಡಿಕೊಳ್ಳುವುದು ಒಂಬತ್ತು ವರ್ಷದ ಬೆಸ್ಸಿಯ ಪಾಲಿಗೆ ಬಂತು.

ಅವಳ ಶಾಲೆ ಒಂದೇ ಕೋಣೆಯದು. ಅಲ್ಲಿಗೆ ಸುಮಾರು ನಾಲ್ಕು ಮೈಲಿ ನಡೆಯಬೇಕು. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಗೆ ಬಾಗಿಲು, ಎಲ್ಲ ಮಕ್ಕಳೂ ಹೊಲದಲ್ಲಿ. ಹತ್ತಿ ಬಿಡಿಸುವುದರಲ್ಲಿ ಬೆಸ್ಸಿ ಅಷ್ಟೇನೂ ಚುರುಕಲ್ಲ, ಆದರೆ ಗಣಿತದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಯಾರು ಎಷ್ಟು ತೂಕ ಹತ್ತಿ ಬಿಡಿಸಿದರು, ಎಷ್ಟು ಹಣ ಬರಬೇಕು ಎಂಬ ಲೆಕ್ಕ ಇಡುವ ಕೆಲಸವನ್ನು ಮನೆಯವರು ಅವಳಿಗೇ ಒಪ್ಪಿಸಿದರು. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನನಗೆ ಇದನ್ನು ಓದಿ ತುಂಬಾ ಸಂತೋಷವಾಯಿತು. ಮುಂದೆ ಆಕಾಶದಲ್ಲಿ ಹಾರಿದವಳ ಮೊದಲ ಹುದ್ದೆ ನಮ್ಮ ಹಾಗೆ ಅಕೌಂಟೆಂಟ್!

ಊರಿಗೆ ಪುಸ್ತಕಗಳ ಗಾಡಿಯೊಂದು ಬರುತ್ತಿತ್ತು. ತಾಯಿ ಅದರಿಂದ ಪುಸ್ತಕ ತರಿಸಿ ಕೊಡುತ್ತಿದ್ದರು. ರಾತ್ರಿ ಬೆಸ್ಸಿ ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಶಾಲೆ ಮುಗಿದ ಮೇಲೆ ಬಟ್ಟೆ ಒಗೆಯುವ ಕೆಲಸ ಮಾಡಿ ಹಣ ಕೂಡಿಟ್ಟು, 1910ರಲ್ಲಿ ಒಕ್ಲಹೋಮಾದ ಲ್ಯಾಂಗ್‌ಸ್ಟನ್ ಎಂಬಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಇದ್ದ ಕಾಲೇಜಿಗೆ ಸೇರಿದಳು. ಒಂದು ಅವಧಿ ಮುಗಿಯುವಷ್ಟರಲ್ಲಿ ಕೂಡಿಟ್ಟ ಹಣವೂ ಮುಗಿಯಿತು. ಮತ್ತೆ ವಾಕ್ಸಹ್ಯಾಚಿಗೆ ಬಂದಳು, ಮತ್ತೆ ಬಟ್ಟೆಯ ಗಂಟು ಹೊತ್ತಳು. ಹಣವಿಲ್ಲದೆ ಓದು ಅರ್ಧಕ್ಕೆ ನಿಂತಾಗ ಆಗುವ ನೋವು ನಮ್ಮಲ್ಲಿ ಅನೇಕರ ಮನೆಗೆ ಹೊಸದೇನಲ್ಲ.

ಷಿಕಾಗೋದ ಕ್ಷೌರದಂಗಡಿ

1915ರಲ್ಲಿ, 23ನೆಯ ವಯಸ್ಸಿನಲ್ಲಿ, ಬೆಸ್ಸಿ ಊರು ಬಿಟ್ಟು ಷಿಕಾಗೋ ನಗರಕ್ಕೆ ಬಂದರು. ಅಲ್ಲಿ ಅವರ ಅಣ್ಣಂದಿರಾದ ವಾಲ್ಟರ್ ಮತ್ತು ಜಾನ್ ಇದ್ದರು. ಆ ಕಾಲದಲ್ಲಿ ದಕ್ಷಿಣದಿಂದ ಸಾವಿರಾರು ಕಪ್ಪು ಕುಟುಂಬಗಳು ಕೆಲಸ ಹುಡುಕಿಕೊಂಡು ಉತ್ತರದ ನಗರಗಳಿಗೆ ಹೋಗುತ್ತಿದ್ದವು. ಹೆಣ್ಣುಮಕ್ಕಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಮನೆಗೆಲಸ. ಬೆಸ್ಸಿಗೆ ಅದು ಬೇಡವಾಗಿತ್ತು. ಅವರು ಸೌಂದರ್ಯ ಕಲೆಯ ಶಾಲೆಯೊಂದರಲ್ಲಿ ಉಗುರುಗಳನ್ನು ಒಪ್ಪ ಮಾಡುವ ಕೆಲಸ ಕಲಿತು ಪುರುಷರ ಕ್ಷೌರದಂಗಡಿಯೊಂದರಲ್ಲಿ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕುಳಿತರು.

ಕ್ಷೌರದಂಗಡಿ ಎಂದರೆ ಎಲ್ಲ ಊರಿನಲ್ಲೂ ಸುದ್ದಿಯ ಜಾಗ. ಮೊದಲ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದಾಗ ಅಲ್ಲಿ ಫ್ರಾನ್ಸಿನ ಮಾತು, ವಿಮಾನಗಳ ಮಾತು. ಬೆಸ್ಸಿಯ ಅಣ್ಣಂದಿರೂ ಫ್ರಾನ್ಸಿನಲ್ಲಿ ಸೇವೆ ಮಾಡಿ ಬಂದವರೇ. ಒಂದು ದಿನ ಜಾನ್ ಅಂಗಡಿಗೆ ಬಂದು ತಂಗಿಯನ್ನು ಎಲ್ಲರೆದುರು ರೇಗಿಸಿದರು. ಫ್ರಾನ್ಸಿನ ಹೆಂಗಸರು ವಿಮಾನವನ್ನೇ ಓಡಿಸುತ್ತಾರೆ, ಇಲ್ಲಿಯವರಿಂದ ಅದೆಲ್ಲ ಆಗುವ ಮಾತಲ್ಲ ಎಂಬುದು ಅವರ ಹಾಸ್ಯ. ಅಂಗಡಿಯಲ್ಲಿದ್ದವರು ನಕ್ಕರು. ಬೆಸ್ಸಿಯೂ ನಕ್ಕರು. ಆದರೆ ಆ ಹೊತ್ತಿಗೇ ಅವರು ಮನಸ್ಸಿನಲ್ಲಿ ನಿರ್ಧಾರ ಮಾಡಿಬಿಟ್ಟಿದ್ದರು.

ಅಮೆರಿಕದಲ್ಲಿ ಅವರು ಕೇಳಿಕೊಂಡ ಯಾವ ವಿಮಾನ ಶಾಲೆಯೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಹೆಣ್ಣು ಎಂಬುದು ಒಂದು ಕಾರಣ, ಕಪ್ಪು ಬಣ್ಣ ಇನ್ನೊಂದು ಕಾರಣ. ಆಗ ಅವರು ರಾಬರ್ಟ್ ಅಬಟ್ ಅವರನ್ನು ಭೇಟಿಯಾದರು. ಅಬಟ್ ಅವರು ಕಪ್ಪು ಓದುಗರ ಪ್ರಸಿದ್ಧ ಪತ್ರಿಕೆ ಷಿಕಾಗೋ ಡಿಫೆಂಡರ್‌ನ ಸ್ಥಾಪಕರು. ಇಲ್ಲಿ ಬಾಗಿಲು ತೆರೆಯದಿದ್ದರೆ ಫ್ರಾನ್ಸಿಗೆ ಹೋಗು, ಅದಕ್ಕೆ ಮೊದಲು ಫ್ರೆಂಚ್ ಭಾಷೆ ಕಲಿ ಎಂದು ಅವರು ಸಲಹೆ ಕೊಟ್ಟರು.

ಬೆಸ್ಸಿ ಭಾಷಾ ಶಾಲೆಗೆ ಸೇರಿ ಫ್ರೆಂಚ್ ಕಲಿಯತೊಡಗಿದರು. ಜೊತೆಗೆ ಹೋಟೆಲೊಂದರಲ್ಲಿ ಇನ್ನೂ ಹೆಚ್ಚು ಸಂಬಳದ ಕೆಲಸ ಹಿಡಿದರು. ಸ್ವಂತ ಉಳಿತಾಯದ ಜೊತೆಗೆ ಅಬಟ್ ಅವರ ಪತ್ರಿಕೆ ಮತ್ತು ಜೆಸ್ಸಿ ಬಿಂಗಾ ಎಂಬ ಬ್ಯಾಂಕರ್ ಅವರ ನೆರವೂ ಸಿಕ್ಕಿತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಪರೀಕ್ಷೆಗೆ ಮತ್ತೊಂದು ಎಂದು ಬೆಳೆದ ನಮ್ಮಂಥವರಿಗೆ ಒಂದು ಮಾತು ಗೊತ್ತು. ಹೊಸ ಭಾಷೆ ಬಾಯಿಗೆ ಬರುವವರೆಗೆ ಎಷ್ಟು ಸಂಕೋಚ! ಬೆಸ್ಸಿ ಆ ಭಾಷೆಯಲ್ಲಿ ಬರೀ ಮಾತಾಡುವುದಲ್ಲ, ಆಕಾಶದಲ್ಲಿ ಜೀವ ಉಳಿಸಿಕೊಳ್ಳುವ ಪಾಠವನ್ನು ಕಲಿಯಬೇಕಿತ್ತು.

ಕಡಲಾಚೆಯ ಶಾಲೆ

1920ರ ನವೆಂಬರ್‌ನಲ್ಲಿ ಬೆಸ್ಸಿ ನ್ಯೂಯಾರ್ಕಿನಿಂದ ಹಡಗು ಹತ್ತಿದರು. ಉತ್ತರ ಫ್ರಾನ್ಸಿನಲ್ಲಿ ಸೋಮ್ ನದಿ ಸಮುದ್ರ ಸೇರುವ ಕಡೆ ಲೆ ಕ್ರೊಟ್ವಾ ಎಂಬ ಊರಿದೆ. ಅಲ್ಲಿ ಕೋದ್ರೋನ್ ಸಹೋದರರ ವಿಮಾನ ಶಾಲೆ ಪ್ರಸಿದ್ಧವಾಗಿತ್ತು. ಅಲ್ಲಿ ಅವರಿಗೆ ಪ್ರವೇಶ ಸಿಕ್ಕಿತು.

ಕಲಿಕೆಗೆ ಬಳಸುತ್ತಿದ್ದದ್ದು ನ್ಯೂಪೋರ್ ಎಂಬ ಎರಡು ರೆಕ್ಕೆಯ ಸಾಲಿನ ವಿಮಾನ. ಮರದ ಚೌಕಟ್ಟು, ಅದರ ಮೇಲೆ ಬಟ್ಟೆ, ಬಿಗಿಯಲು ತಂತಿ. ಅದಕ್ಕೆ ಕಾರಿನ ಹಾಗೆ ಸ್ಟಿಯರಿಂಗ್ ಇಲ್ಲ, ಬ್ರೇಕೂ ಇಲ್ಲ. ಮುಂದೆ ಬೋಧಕ, ಹಿಂದೆ ವಿದ್ಯಾರ್ಥಿ. ಕೈಯಲ್ಲಿ ಒಂದು ಕೋಲು, ಕಾಲ ಕೆಳಗೆ ಒಂದು ಪಟ್ಟಿ. ಬೋಧಕ ತನ್ನ ಕೋಲನ್ನು ಎತ್ತ ತಳ್ಳಿದರೆ ಹಿಂದಿನ ಕೋಲೂ ಅತ್ತ ಹೋಗುತ್ತದೆ. ವಿದ್ಯಾರ್ಥಿ ಅದನ್ನು ಹಿಡಿದುಕೊಂಡು ಕೈಯಿಂದಲೇ ಪಾಠ ಕಲಿಯಬೇಕು. ನೆಲಕ್ಕೆ ಇಳಿದ ಮೇಲೆ ವಿಮಾನ ನಿಲ್ಲುವುದು ಬಾಲದ ಕೆಳಗಿನ ಕಡ್ಡಿ ನೆಲಕ್ಕೆ ಉಜ್ಜಿದಾಗ. ಇಂಥ ವಿಮಾನ ಯಾವಾಗ ಎಲ್ಲಿ ಮುರಿಯುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಆದ್ದರಿಂದ ಪ್ರತಿ ಸಲ ಹಾರುವ ಮೊದಲು ರೆಕ್ಕೆ, ತಂತಿ, ಬಟ್ಟೆ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಬೇಕಿತ್ತು. ಜೊತೆಯಲ್ಲಿ ಕಲಿಯುತ್ತಿದ್ದ ಒಬ್ಬರು ಅಪಘಾತದಲ್ಲಿ ಸತ್ತದ್ದನ್ನು ಬೆಸ್ಸಿ ಕಣ್ಣಾರೆ ಕಂಡರು. ಅವರು ತುಂಬಾ ನೊಂದರು, ಆದರೆ ಪಾಠ ಬಿಡಲಿಲ್ಲ.

ಸುಮಾರು ಏಳು ತಿಂಗಳ ನಂತರ, 1921ರ ಜೂನ್ 15ರಂದು, ಅಂತರರಾಷ್ಟ್ರೀಯ ವಿಮಾನಯಾನ ಒಕ್ಕೂಟದ ಲೈಸೆನ್ಸ್ ಅವರ ಕೈಗೆ ಬಂತು. ಪ್ರಸಿದ್ಧ ಅಮೆಲಿಯಾ ಇಯರ್‌ಹಾರ್ಟ್ ಅವರಿಗೆ ಇದೇ ಒಕ್ಕೂಟದ ಲೈಸೆನ್ಸ್ ಸಿಕ್ಕಿದ್ದು 1923ರಲ್ಲಿ. ನಮ್ಮ ದೇಶದಲ್ಲಿ ಜೆ.ಆರ್.ಡಿ. ಟಾಟಾ ಅವರು ಪೈಲಟ್ ಲೈಸೆನ್ಸ್ ಪಡೆದದ್ದು 1929ರಲ್ಲಿ. ಇದರಿಂದ ಬೆಸ್ಸಿ ಎಷ್ಟು ಮುಂದೆ ಇದ್ದರೆಂದು ನೀವೇ ಅಂದಾಜು ಮಾಡಬಹುದು.

ಆ ಲೈಸೆನ್ಸಿನಲ್ಲಿ ಒಂದು ಸ್ವಾರಸ್ಯ ಇದೆ. ಹುಟ್ಟಿದ ವರ್ಷ 1896 ಎಂದು ಬರೆದಿದೆ. ಅಂದರೆ ಅವರು ತಮ್ಮ ವಯಸ್ಸನ್ನು ನಾಲ್ಕು ವರ್ಷ ಕಡಿಮೆ ಹೇಳಿದ್ದರು. 29 ವರ್ಷದ ಹೆಣ್ಣು ಹೊಸ ವಿದ್ಯೆ ಕಲಿಯಲು ಬಂದರೆ ಜನ ಹೇಗೆ ನೋಡುತ್ತಾರೆ ಎಂದು ಅವರಿಗೂ ಅಳುಕು ಇದ್ದಿರಬಹುದು ಎಂದು ನನಗೆ ಅನಿಸುತ್ತದೆ.

ಲೈಸೆನ್ಸ್ ಕೈಯಲ್ಲಿ, ಕೆಲಸ ಎಲ್ಲಿ?

1921ರ ಸೆಪ್ಟೆಂಬರ್‌ನಲ್ಲಿ ಬೆಸ್ಸಿ ನ್ಯೂಯಾರ್ಕಿಗೆ ಮರಳಿದಾಗ ಪತ್ರಕರ್ತರು ಬಂದರು. ಆಗ ಹೆಸರುವಾಸಿಯಾಗಿದ್ದ ಕಪ್ಪು ಕಲಾವಿದರ ಸಂಗೀತ ನಾಟಕವೊಂದನ್ನು ನೋಡಲು ಅವರು ಅತಿಥಿಯಾಗಿ ಹೋದಾಗ ನಟನಟಿಯರು ಅವರಿಗೆ ಬೆಳ್ಳಿಯ ಬಟ್ಟಲು ಕೊಟ್ಟು ಸನ್ಮಾನಿಸಿದರು. ಸಭಾಂಗಣದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತಿತು. ಮರುದಿನ ಏನು ಮಾಡುವುದು?

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಇಂದಿನ ಹಾಗೆ ಪ್ರಯಾಣಿಕರನ್ನು ಒಯ್ಯುವ ವಿಮಾನ ಕಂಪನಿಗಳು ಅಮೆರಿಕದಲ್ಲಿ ಬೆಳೆದಿರಲಿಲ್ಲ. ಅಂಚೆ ಒಯ್ಯುವ ವಿಮಾನಗಳಿದ್ದವು, ಆದರೆ ಆ ಕೆಲಸ ಬಿಳಿಯ ಗಂಡಸರದು. ಯುದ್ಧ ಮುಗಿದ ಮೇಲೆ ಸೈನ್ಯ ತನಗೆ ಬೇಡವಾದ ಜೆನ್ನಿ ಎಂಬ ವಿಮಾನಗಳನ್ನು ಅಗ್ಗದ ಬೆಲೆಗೆ ಮಾರಿತು. ಸೈನ್ಯದಿಂದ ಹೊರಬಂದ ಪೈಲಟ್‌ಗಳು ಅವನ್ನು ಕೊಂಡು ಊರೂರು ತಿರುಗಿ ಸರ್ಕಸ್ ಮಾಡಿ ಬದುಕುತ್ತಿದ್ದರು. ನಮ್ಮ ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಪೂರೈಕೆ ಹೆಚ್ಚು, ಬೇಡಿಕೆ ಕಡಿಮೆ. ಅಂಥ ಮಾರುಕಟ್ಟೆಗೆ ಬೆಸ್ಸಿ ಬಂದದ್ದು ವಿಮಾನವಿಲ್ಲದೆ, ಬಂಡವಾಳವಿಲ್ಲದೆ.

ಅವರ ಗುರಿ ಸರ್ಕಸ್ ಆಗಿರಲಿಲ್ಲ. ಕಪ್ಪು ಹುಡುಗ ಹುಡುಗಿಯರಿಗೆ ವಿಮಾನ ಓಡಿಸುವುದನ್ನು ಕಲಿಸಬೇಕು, ಅದಕ್ಕೊಂದು ಶಾಲೆ ತೆರೆಯಬೇಕು ಎಂಬುದು ಅವರ ಗುರಿ. ತಾವು ಸಮುದ್ರ ದಾಟಿ ಹೋಗಬೇಕಾಗಿ ಬಂತು, ಇನ್ನೊಬ್ಬರಿಗೆ ಹಾಗೆ ಆಗಬಾರದು ಎಂಬುದು ಅವರ ಮನಸ್ಸಿನಲ್ಲಿತ್ತು. ಆದರೆ ಅವರನ್ನು ಬೋಧಕಿಯಾಗಿ ಇಟ್ಟುಕೊಳ್ಳುವ ಶಾಲೆ ಯಾವುದಿತ್ತು? ವಿದ್ಯಾರ್ಥಿನಿಯಾಗಿಯೇ ಒಳಗೆ ಬಿಡದವರು ಗುರುವಿನ ಕುರ್ಚಿ ಕೊಡುತ್ತಾರೆಯೇ? ಹಾಗಾದರೆ ಸ್ವಂತ ಶಾಲೆಯೇ ದಾರಿ. ಸ್ವಂತ ಶಾಲೆಗೆ ವಿಮಾನ ಬೇಕು, ವಿಮಾನಕ್ಕೆ ಹಣ ಬೇಕು. ಹಣ ಬರಬೇಕಾದರೆ ಜನ ಟಿಕೆಟ್ ಕೊಂಡು ನೋಡುವಂಥ ಸಾಹಸ ಮಾಡಬೇಕು. ಅಂಥ ಸಾಹಸಗಳನ್ನು ಕಲಿಸಲು ಷಿಕಾಗೋದಲ್ಲಿ ಯಾರೂ ಸಿದ್ಧರಿರಲಿಲ್ಲ. 1922ರ ಫೆಬ್ರವರಿಯಲ್ಲಿ ಅವರು ಎರಡನೆಯ ಸಲ ಯುರೋಪಿಗೆ ಹೋದರು. ಫ್ರಾನ್ಸ್, ಹಾಲೆಂಡ್, ಜರ್ಮನಿಗಳಲ್ಲಿ ಇನ್ನಷ್ಟು ಕಲಿತು ಬಂದರು.

1922ರ ಸೆಪ್ಟೆಂಬರ್ 3ರಂದು ನ್ಯೂಯಾರ್ಕ್ ಬಳಿಯ ಕರ್ಟಿಸ್ ಫೀಲ್ಡ್ ಮೈದಾನದಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ದಳದ ಗೌರವಾರ್ಥ ಅದನ್ನು ಏರ್ಪಡಿಸಲಾಗಿತ್ತು. ಮುಂದಿನ ತಿಂಗಳು ಷಿಕಾಗೋದಲ್ಲಿ, ತಮ್ಮ ಮನೆಯವರ ಎದುರು, ಅವರು ಹಾರಿದರು. ಲಾಗ ಹಾಕುವುದು, ಎಂಟರ ಆಕಾರದಲ್ಲಿ ಸುತ್ತುವುದು, ನೆಲದ ಹತ್ತಿರಕ್ಕೆ ಧುಮುಕಿ ಮತ್ತೆ ಮೇಲೇರುವುದು. ಜನ ಅವರನ್ನು ರಾಣಿ ಬೆಸ್ಸಿ ಎಂದು ಕರೆಯತೊಡಗಿದರು.

ಆ ಸಮಯದಲ್ಲಿ ಒಂದು ಸಿನಿಮಾ ಅವಕಾಶವೂ ಬಂತು. ಒಪ್ಪಿಕೊಂಡರೆ ಶಾಲೆಗೆ ಬೇಕಾದ ಹಣದ ಒಂದು ಭಾಗ ಸಿಗುತ್ತಿತ್ತು. ಆದರೆ ಮೊದಲ ದೃಶ್ಯದಲ್ಲೇ ಹರಿದ ಬಟ್ಟೆ ತೊಟ್ಟು, ಕೈಯಲ್ಲಿ ಕೋಲು, ಬೆನ್ನಿಗೆ ಗಂಟು ಕಟ್ಟಿಕೊಂಡು ಏನೂ ತಿಳಿಯದ ಹಳ್ಳಿಯವಳಾಗಿ ಕಾಣಿಸಿಕೊಳ್ಳಬೇಕೆಂದು ತಿಳಿದಾಗ ಬೆಸ್ಸಿ ಎದ್ದು ಬಂದರು. ಕಪ್ಪು ಜನರನ್ನು ಹಾಗೆ ತೋರಿಸಿ ನಗುವ ಸಿನಿಮಾಗಳು ಆಗಲೇ ಸಾಕಷ್ಟಿದ್ದವು. ಅವರ ಈ ನಿರ್ಧಾರದಿಂದ ಕೆಲವು ಪ್ರಭಾವಿ ಜನ ಅವರಿಗೆ ವಿರೋಧಿಗಳಾದರು. ಬೆಸ್ಸಿಗೆ ಮುಂಗೋಪ ಇತ್ತೆಂದೂ, ಮ್ಯಾನೇಜರ್‌ಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಬದಲಿಸುತ್ತಿದ್ದರೆಂದೂ ಆಗ ಜನ ಆಡಿಕೊಂಡರು. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಅವರು ದೇವತೆಯಲ್ಲ, ನಮ್ಮ ಹಾಗೆ ಮನುಷ್ಯರೇ. ಆದರೆ ಸಿನಿಮಾದ ವಿಷಯದಲ್ಲಿ ಅವರು ಮಾಡಿದ್ದು ಸರಿ ಎಂದು ನಾನು ನಂಬುತ್ತೇನೆ. ಯಾರಿಗಾಗಿ ಶಾಲೆ ಕಟ್ಟಬೇಕೋ ಅವರನ್ನೇ ಹೀಗೆ ತೋರಿಸಿ ಹಣ ತಂದರೆ ಆ ಶಾಲೆಗೆ ಏನು ಅರ್ಥ?

ಬಿದ್ದ ವಿಮಾನ, ಬೀಳದ ಮನಸ್ಸು

1923ರ ಆರಂಭದಲ್ಲಿ ಬೆಸ್ಸಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಓಕ್ಲೆಂಡಿನ ಒಂದು ಟೈರ್ ಕಂಪನಿಗೆ ಜಾಹೀರಾತು ಮಾಡುವ ಕೆಲಸದಿಂದ ಸ್ವಲ್ಪ ಹಣ ಬಂತು. ಅಂತೂ ಅವರು ಸೈನ್ಯದ ಹಳೆಯ ಜೆನ್ನಿ ವಿಮಾನವೊಂದನ್ನು ಸ್ವಂತಕ್ಕೆ ಕೊಂಡರು. ಲಾಸ್ ಏಂಜಲೀಸ್‌ನಲ್ಲಿ ಪ್ರದರ್ಶನ ಏರ್ಪಟ್ಟಿತು. ಫೆಬ್ರವರಿಯ ಆ ದಿನ ಜನ ಮೈದಾನದಲ್ಲಿ ಕಾಯುತ್ತಿದ್ದರು. ಬೆಸ್ಸಿ ಸಾಂಟಾ ಮೋನಿಕಾದಿಂದ ಹೊರಟು ಸುಮಾರು 300 ಅಡಿ ಮೇಲೇರಿದ್ದರು, ಅಷ್ಟರಲ್ಲಿ ಎಂಜಿನ್ ನಿಂತುಹೋಯಿತು. ವಿಮಾನ ನೆಲಕ್ಕೆ ಅಪ್ಪಳಿಸಿತು.

ಒಂದು ಕಾಲು ಮುರಿಯಿತು, ಪಕ್ಕೆಲುಬುಗಳು ಮುರಿದವು, ಮುಖಕ್ಕೆ ಗಾಯಗಳಾದವು. ವಿಮಾನ ಪೂರ್ತಿ ನಾಶವಾಯಿತು. ಅಲ್ಲಿಗೆ ಓಡಿ ಬಂದ ವೈದ್ಯರನ್ನು ಬೆಸ್ಸಿ ಬೇಡಿಕೊಂಡದ್ದು ಒಂದೇ. ಹೇಗಾದರೂ ಪಟ್ಟಿ ಕಟ್ಟಿ ಕಳಿಸಿ, ಅಲ್ಲಿ ಜನ ಕಾಯುತ್ತಿದ್ದಾರೆ ಎಂದು. ಅದು ಆಗುವ ಮಾತಾಗಿರಲಿಲ್ಲ. ಆಸ್ಪತ್ರೆಯಿಂದ ತಮ್ಮ ಹಿತೈಷಿಗಳಿಗೆ ತಂತಿ ಕಳಿಸಿ, ನಡೆಯಲು ಆದ ತಕ್ಷಣ ಮತ್ತೆ ಹಾರುವುದಾಗಿ ತಿಳಿಸಿದರು.

ಆದರೆ ಲೆಕ್ಕ ಅಷ್ಟು ಸುಲಭವಾಗಿರಲಿಲ್ಲ. ಇದ್ದ ಒಂದೇ ಆಸ್ತಿ ಮುರಿದು ಬಿದ್ದಿತ್ತು. ತಿಂಗಳುಗಟ್ಟಲೆ ಆದಾಯವಿಲ್ಲ. ಗುಣವಾಗಿ ಷಿಕಾಗೋಗೆ ಬಂದ ಮೇಲೂ ಬಹಳ ಕಾಲ ಪ್ರದರ್ಶನಗಳು ಸಿಗಲಿಲ್ಲ. ಬೆಸ್ಸಿಯ ಬದುಕನ್ನು ಬರೆಯುವವರು ಈ ಖಾಲಿ ತಿಂಗಳುಗಳನ್ನು ಬೇಗ ದಾಟಿ ಹೋಗುತ್ತಾರೆ, ಏಕೆಂದರೆ ಅಲ್ಲಿ ಹೇಳಲು ಘಟನೆ ಇಲ್ಲ. ನಮ್ಮ ಆಪಾ ಮನೆಯಲ್ಲಿ ಕುಳಿತ ತಿಂಗಳುಗಳನ್ನು ನೋಡಿದ ಮೇಲೆ ನನಗೆ ಅನಿಸುವುದೇನೆಂದರೆ, ವಿಮಾನ ಬೀಳುವುದಕ್ಕಿಂತ ಈ ಕಾಯುವಿಕೆ ಕಷ್ಟ. ಬಿದ್ದಾಗ ಎಲ್ಲರೂ ನೋಡಲು ಬರುತ್ತಾರೆ. ಕಾಯುವಾಗ ಯಾರೂ ಬರುವುದಿಲ್ಲ.

ಒಂದೇ ಗೇಟು

1925ರಲ್ಲಿ ಬೆಸ್ಸಿ ಮತ್ತೆ ಟೆಕ್ಸಾಸಿಗೆ ಬಂದರು. ಜೂನ್ 19, ಆ ರಾಜ್ಯದಲ್ಲಿ ಗುಲಾಮರಿಗೆ ಬಿಡುಗಡೆಯ ಸುದ್ದಿ ತಲುಪಿದ ದಿನ. ಕಪ್ಪು ಜನರಿಗೆ ಅದು ಹಬ್ಬ. ಆ ದಿನವೇ ಹ್ಯೂಸ್ಟನ್ ನಗರದಲ್ಲಿ ಅವರ ಪ್ರದರ್ಶನ ನಡೆಯಿತು. ಆಮೇಲೆ ಊರಿಂದ ಊರಿಗೆ ಹೋಗಿ ಚರ್ಚುಗಳಲ್ಲಿ, ಶಾಲೆಗಳಲ್ಲಿ, ಚಿತ್ರಮಂದಿರಗಳಲ್ಲಿ ಉಪನ್ಯಾಸ ಕೊಟ್ಟರು. ತಮ್ಮ ಹಾರಾಟದ ಚಲನಚಿತ್ರ ತುಣುಕುಗಳನ್ನು ತೋರಿಸಿ, ಮಕ್ಕಳಿಗೆ ವಿಮಾನದ ಬಗ್ಗೆ ತಿಳಿಸಿದರು. ಶಾಲೆ ಇನ್ನೂ ತೆರೆದಿರಲಿಲ್ಲ, ಆದರೆ ಬೋಧಕಿ ಆಗಲೇ ಪಾಠ ಶುರು ಮಾಡಿದ್ದರು ಎಂದೇ ಹೇಳಬಹುದು.

ಆಮೇಲೆ ಅವರು ಬಾಲ್ಯ ಕಳೆದ ವಾಕ್ಸಹ್ಯಾಚಿಯ ಸರದಿ. ಏರ್ಪಡಿಸಿದವರು ಮೈದಾನಕ್ಕೆ ಎರಡು ಗೇಟು ಮಾಡಿದ್ದರು, ಬಿಳಿಯರಿಗೆ ಒಂದು, ಕಪ್ಪು ಜನರಿಗೆ ಒಂದು. ಎಲ್ಲರೂ ಒಂದೇ ಗೇಟಿನಲ್ಲಿ ಬರದಿದ್ದರೆ ತಾನು ಹಾರುವುದಿಲ್ಲ ಎಂದು ಬೆಸ್ಸಿ ಪಟ್ಟು ಹಿಡಿದರು. ಕೊನೆಗೆ ಒಂದೇ ಗೇಟು ಎಂದು ಒಪ್ಪಿಗೆಯಾಯಿತು. ಆದರೆ ಒಳಗೆ ಹೋದ ಮೇಲೆ ಕೂರುವ ಜಾಗ ಮಾತ್ರ ಬೇರೆ ಬೇರೆಯೇ ಉಳಿಯಿತು. ಇದನ್ನು ಅರ್ಧ ಗೆಲುವು ಎನ್ನಬಹುದು. ಆದರೆ ಯೋಚಿಸಿ, ಅವರಿಗೆ ಆ ದಿನದ ಟಿಕೆಟ್ ಹಣ ಎಷ್ಟು ಅಗತ್ಯವಿತ್ತು! ಹಣದ ಕೊರತೆ ಇದ್ದವರೇ ಹಣವನ್ನು ಪಣಕ್ಕಿಟ್ಟು ಮಾತಾಡಿದರು.

ಕೊನೆಯ ಹಾರಾಟ

ನಂತರ ಬೆಸ್ಸಿ ಫ್ಲೋರಿಡಾಕ್ಕೆ ಹೋದರು. ಓರ್ಲಾಂಡೊದಲ್ಲಿ ಒಬ್ಬ ಪಾದ್ರಿ ಮತ್ತು ಅವರ ಪತ್ನಿ ಬೆಸ್ಸಿಯನ್ನು ಮಗಳಂತೆ ಮನೆಯಲ್ಲಿ ಇಟ್ಟುಕೊಂಡರು. ಶಾಲೆಯ ಹಣಕ್ಕಾಗಿ ಅವರು ಅಲ್ಲಿ ಬ್ಯೂಟಿ ಪಾರ್ಲರ್ ತೆರೆದರು. ಹತ್ತು ವರ್ಷದ ಹಿಂದೆ ಕಲಿತ ಹಳೆಯ ಕೈಕೆಲಸ ಮತ್ತೆ ಅನ್ನಕ್ಕೆ ಬಂತು. ಡಲ್ಲಾಸ್ ನಗರದಲ್ಲಿ ಒಂದು ಹಳೆಯ ಜೆನ್ನಿ ವಿಮಾನವನ್ನು ಕಂತಿನ ಮೇಲೆ ಗೊತ್ತು ಮಾಡಿದ್ದರು. ಚೂಯಿಂಗ್ ಗಮ್ ವ್ಯಾಪಾರದ ಶ್ರೀಮಂತ ಮನೆತನದ ಎಡ್ವಿನ್ ಬೀಮನ್ ಎಂಬವರ ನೆರವಿನಿಂದ ಕೊನೆಯ ಕಂತು ತೀರಿತು.

1926ರ ಏಪ್ರಿಲ್‌ನಲ್ಲಿ ವಿಲಿಯಂ ವಿಲ್ಸ್ ಎಂಬ 24 ವರ್ಷದ ಮೆಕ್ಯಾನಿಕ್ ಆ ವಿಮಾನವನ್ನು ಡಲ್ಲಾಸಿನಿಂದ ಫ್ಲೋರಿಡಾದ ಜಾಕ್ಸನ್‌ವಿಲ್ ನಗರಕ್ಕೆ ಹಾರಿಸಿಕೊಂಡು ಬಂದರು. ದಾರಿಯಲ್ಲಿ ಅದು ಕೆಟ್ಟು ಮೂರು ಸಲ ಇಳಿಸಬೇಕಾಯಿತು. ಮೇ 1ರಂದು ಪ್ರದರ್ಶನ. ಬೆಸ್ಸಿ ಅದರಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವವರಿದ್ದರು.

ಹಿಂದಿನ ದಿನ, ಏಪ್ರಿಲ್ 30ರ ಬೆಳಿಗ್ಗೆ, ಮೈದಾನವನ್ನು ಮೇಲಿನಿಂದ ನೋಡಲು ಇಬ್ಬರೂ ಹಾರಿದರು. ವಿಮಾನ ಓಡಿಸುತ್ತಿದ್ದವರು ವಿಲ್ಸ್. ಬೆಸ್ಸಿ ಕುಳ್ಳಗಿದ್ದ ಕಾರಣ ಬೆಲ್ಟ್ ಹಾಕಿಕೊಂಡು ಕುಳಿತರೆ ಅಂಚಿನಾಚೆಗೆ ಬಗ್ಗಿ ನೆಲ ನೋಡಲು ಆಗುತ್ತಿರಲಿಲ್ಲ. ಆದ್ದರಿಂದ ಅವರು ಬೆಲ್ಟ್ ಹಾಕಿರಲಿಲ್ಲ. ಹಾರಿ ಸುಮಾರು ಹತ್ತು ನಿಮಿಷವಾಗಿತ್ತು. ವಿಮಾನ ಇದ್ದಕ್ಕಿದ್ದಂತೆ ತಲೆಕೆಳಗಾಗಿ ಧುಮುಕಿ ಮಗುಚಿತು. ಬೆಸ್ಸಿ ಹೊರಗೆ ಎಸೆಯಲ್ಪಟ್ಟು ನೆಲಕ್ಕೆ ಬಿದ್ದು ತೀರಿಕೊಂಡರು. ವಿಮಾನದೊಂದಿಗೆ ಬಿದ್ದ ವಿಲ್ಸ್ ಕೂಡ ಉಳಿಯಲಿಲ್ಲ. ಆಮೇಲೆ ಅವಶೇಷಗಳನ್ನು ಪರೀಕ್ಷಿಸಿದಾಗ ಯಂತ್ರದ ಗೇರುಗಳ ನಡುವೆ ಒಂದು ಸ್ಪ್ಯಾನರ್ ಸಿಕ್ಕಿಕೊಂಡಿತ್ತು. ರಿಪೇರಿ ಮಾಡುವಾಗ ಯಾರೋ ಮರೆತು ಬಿಟ್ಟದ್ದು. ಬೆಸ್ಸಿಗೆ ಆಗ 34 ವರ್ಷ.

ವಿಮಾನಗಳನ್ನು ತಪಾಸಣೆ ಮಾಡಬೇಕು, ಪೈಲಟ್‌ಗಳಿಗೆ ಲೈಸೆನ್ಸ್ ಕಡ್ಡಾಯ ಎಂಬ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 1926ರ ಮೇ 20ರಂದು. ಬೆಸ್ಸಿ ಸತ್ತು ಇಪ್ಪತ್ತು ದಿನವಾಗಿತ್ತು. ಕಾನೂನು ಕೇಳುವುದಕ್ಕೆ ಐದು ವರ್ಷ ಮೊದಲೇ ಲೈಸೆನ್ಸ್ ಪಡೆದಿದ್ದವರು, ಕಾನೂನು ಬರುವಾಗ ಇರಲಿಲ್ಲ.

ತೆರೆಯದ ಶಾಲೆಯ ವಿದ್ಯಾರ್ಥಿಗಳು

ಜಾಕ್ಸನ್‌ವಿಲ್, ಓರ್ಲಾಂಡೊ, ಷಿಕಾಗೋ, ಮೂರು ಊರುಗಳಲ್ಲಿ ಜನ ಅವರಿಗೆ ಅಂತಿಮ ನಮನ ಸಲ್ಲಿಸಿದರು. ಷಿಕಾಗೋದಲ್ಲಿ ಸುಮಾರು 10,000 ಜನ ಸೇರಿದ್ದರು. ಪ್ರಸಿದ್ಧ ಹೋರಾಟಗಾರ್ತಿ ಐಡಾ ಬಿ. ವೆಲ್ಸ್ ಅವರು ಆ ಸಭೆಯನ್ನು ನಡೆಸಿಕೊಟ್ಟರು. ಅಲ್ಲಿಯ ಲಿಂಕನ್ ಸ್ಮಶಾನದಲ್ಲಿ ಬೆಸ್ಸಿಯ ಸಮಾಧಿ ಇದೆ.

ಶಾಲೆ ಮಾತ್ರ ತೆರೆಯಲಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1929ರಲ್ಲಿ ವಿಲಿಯಂ ಪವೆಲ್ ಎಂಬವರು ಲಾಸ್ ಏಂಜಲೀಸ್‌ನಲ್ಲಿ ಬೆಸ್ಸಿಯ ಹೆಸರಿನಲ್ಲೇ ವಿಮಾನ ಕ್ಲಬ್ ಸ್ಥಾಪಿಸಿ ಕಪ್ಪು ಯುವಕ ಯುವತಿಯರಿಗೆ ತರಬೇತಿ ಕೊಟ್ಟರು. 1931ರಿಂದ ಷಿಕಾಗೋದ ಕಪ್ಪು ಪೈಲಟ್‌ಗಳು ವಿಮಾನದಲ್ಲಿ ಬಂದು ಅವರ ಸಮಾಧಿಯ ಮೇಲೆ ಹೂ ಚೆಲ್ಲುವ ಪದ್ಧತಿ ಆರಂಭಿಸಿದರು. ಅದೇ ನಗರದಲ್ಲಿ ವಿಲ್ಲಾ ಬ್ರೌನ್ ಎಂಬ ಮಹಿಳೆ ಕಾರ್ನೆಲಿಯಸ್ ಕಾಫಿ ಅವರ ಜೊತೆ ಸೇರಿ ವಿಮಾನ ಶಾಲೆ ನಡೆಸಿದರು. ಅಲ್ಲಿ ಕಲಿತವರಲ್ಲಿ ಕೆಲವರು ಎರಡನೆಯ ಮಹಾಯುದ್ಧದ ಪ್ರಸಿದ್ಧ ಟಸ್ಕೀಗಿ ವಾಯುಪಡೆಗೆ ಸೇರಿದರು. ಬೆಸ್ಸಿ ಹುಡುಕಿದ ಬೋಧಕಿಯ ಕುರ್ಚಿಯಲ್ಲಿ ಕೊನೆಗೂ ಒಬ್ಬ ಕಪ್ಪು ಮಹಿಳೆ ಕುಳಿತರು. 1992ರಲ್ಲಿ ಮೇ ಜೆಮಿಸನ್ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದಾಗ ಬೆಸ್ಸಿಯ ಚಿತ್ರವನ್ನು ತಮ್ಮ ಜೊತೆ ಒಯ್ದಿದ್ದರು. 1995ರಲ್ಲಿ ಅವರ ಅಂಚೆಚೀಟಿ ಬಂತು. 2023ರಲ್ಲಿ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೆ ಅವರ ರೂಪ ಅಚ್ಚಾಯಿತು. ಬದುಕಿದ್ದಾಗ ಪ್ರತಿ ಡಾಲರಿಗೂ ಲೆಕ್ಕ ಹಾಕಿದವರ ಮುಖ ಈಗ ನಾಣ್ಯದ ಮೇಲೇ ಇದೆ.

ಅಕೌಂಟೆನ್ಸಿ ತರಗತಿಯಲ್ಲಿ ನಾವು ಗುಡ್‌ವಿಲ್ ಎಂಬ ವಿಷಯ ಓದುತ್ತೇವೆ. ಅದು ಕಣ್ಣಿಗೆ ಕಾಣದ ಆಸ್ತಿ. ಕಟ್ಟಡದ ಹಾಗೆ, ಯಂತ್ರದ ಹಾಗೆ ಮುಟ್ಟಲು ಆಗುವುದಿಲ್ಲ, ಆದರೂ ಅದಕ್ಕೆ ಬೆಲೆ ಇದೆ. ಬೆಸ್ಸಿ ಸಾಯುವಾಗ ಅವರ ಆಸ್ತಿಯ ಕಡೆ ಬರೆಯಲು ಒಂದು ಮುರಿದ ವಿಮಾನ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆದರೆ ಅವರ ನಂತರ ಬಂದವರೆಲ್ಲ ಆ ಕಾಣದ ಆಸ್ತಿಯ ಮೇಲೆಯೇ ತಮ್ಮ ಶಾಲೆ ಕಟ್ಟಿದರು.

ಈ ಕಥೆಯನ್ನು ನಾನು ಆಪಾಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಬೆಸ್ಸಿಯ ಫೋಟೋ ಇದೆಯೇ ಎಂದು ಮಾತ್ರ ಕೇಳಿದರು. ಮರುವಾರ ಅಬ್ಬಾ ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟರು. ಈಗ ನಮ್ಮ ಬೀದಿಯ ಮೂವರು ಹುಡುಗಿಯರು ಸಂಜೆ ನಮ್ಮ ಮನೆಗೆ ಟ್ಯಾಲಿ ಕಲಿಯಲು ಬರುತ್ತಾರೆ. ಫೀಸು ಇನ್ನೂ ಸರಿಯಾಗಿ ಬರುತ್ತಿಲ್ಲ. ಆದರೆ ಮುಂದಿನ ಸಲ ಯಾರಾದರೂ ಅನುಭವ ಎಷ್ಟು ಎಂದು ಕೇಳಿದರೆ, ಸೊನ್ನೆ ಎಂದು ಹೇಳಬೇಕಾಗಿಲ್ಲ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ